ಫೋರ್ಕಿನೊಳಗಿನ ಬಿಳಿ ಎಣ್ಣೆ

ಗೇರ್ ಸೈಕಲ್ಲಿನ ಮುಂದಿನ ಫೋರ್ಕಿಗೆ, ಎಂದರೆ ಮುಂದಿನ ಚಕ್ರವನ್ನು ಹಿಡಿದು ಹಳ್ಳದ ಹೊಡೆತ ನುಂಗುವ ಜೋಡಿ ಕೊಳವೆಗೆ, ಗಾಳಿ ಹೊಂದಿಸುವುದು ಒಬ್ಬನ ಕೆಲಸವಲ್ಲ. ತುಂಬುವುದನ್ನೇನೋ ಒಬ್ಬನೇ ಮಾಡಬಹುದು, ಅದಕ್ಕೆಂದೇ ಮೀಟರಿರುವ ಪುಟ್ಟ ಪಂಪು ಬರುತ್ತದೆ. ಆದರೆ ತುಂಬಿದ ಗಾಳಿ ನನ್ನ ತೂಕಕ್ಕೆ ಸರಿಯೇ ಎಂದು ತಿಳಿಯಬೇಕಾದರೆ ನಾನು ಸೀಟಿನ ಮೇಲೆ, ಎರಡೂ ಕಾಲನ್ನು ಪೆಡಲಿನ ಮೇಲಿಟ್ಟು, ಅಲ್ಲಾಡದೆ ಕೂರಬೇಕು. ಫೋರ್ಕು ನನ್ನ ಭಾರಕ್ಕೆ ಎಷ್ಟು ಕುಸಿಯಿತು ಎಂಬುದನ್ನು ಅದರ ನುಣುಪು ಕಾಲಿಗೆ ತೊಡಿಸಿದ ಸಣ್ಣ ರಬ್ಬರ್ ಉಂಗುರ ತೋರಿಸುತ್ತದೆ. ಪೂರ್ತಿ ಕುಸಿಯಬಹುದಾದ ದೂರದಲ್ಲಿ ಕಾಲು ಭಾಗದಷ್ಟು ಕುಸಿದರೆ ಸರಿ. ನಾನು ಕೂತಿರುವಾಗ ಸೈಕಲ್ಲು ಬೀಳದಂತೆ ಹಿಡಿಯಲು, ಆ ಉಂಗುರವನ್ನು ಓದಲು, ಎದುರಿಗೆ ಇನ್ನೊಬ್ಬ ಬೇಕು.

ನಾಲ್ಕು ವರ್ಷ ಆ ಇನ್ನೊಬ್ಬ ನನ್ನ ಗೆಳೆಯನಾಗಿದ್ದ. ಡಿಗ್ರಿಯಲ್ಲಿ ಜೊತೆಗೆ ಓದಿದವನು. ಈಗ ಸಿಂಧಘಟ್ಟದ ತನ್ನ ಮನೆಯಲ್ಲಿ ಏಳು ಹಸು ಸಾಕಿಕೊಂಡು, ಊರಿನ ಹಾಲಿನ ಡೈರಿಗೆ ಎರಡು ಹೊತ್ತು ಹಾಲು ಹಾಕುತ್ತಾನೆ. ನಾನು ಪಾಂಡವಪುರದಲ್ಲಿ ಬಾಡಿಗೆ ರೂಮು ಹಿಡಿದು, ನಾಗಮಂಗಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಇಬ್ಬರೂ ಒಂದೇ ದಿನ ಹಳೆಯ ಸೈಕಲ್ಲುಗಳನ್ನು ಕೊಂಡೆವು. ಭಾನುವಾರ ಬೆಳಗಿನ ಹಾಲು ಮುಗಿಸಿ ಅವನು ಬರುತ್ತಿದ್ದ. ಹೊರಡುವ ಮೊದಲು ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಮೂಗು ಫೋರ್ಕಿಗೆ ತಾಗುವಷ್ಟು ಬಗ್ಗುತ್ತಿದ್ದ.

"ಅಲ್ಲಾಡ್ಬ್ಯಾಡ ಕಣ್ಲಾ. ಉಸ್ರು ಬುಡ್ಬ್ಯಾಡ."

"ಉಸಿರಿಗೂ ಫೋರ್ಕಿಗೂ ಏನ್ಲಾ ಸಂಬಂಧ?"

"ನೀ ಉಸ್ರು ಬುಟ್ರೆ ಜೊತ್ಗೆ ಮಾತೂ ಬತ್ತದೆ. ಮಾತು ಬಂದ್ರೆ ಕೈ ಆಡುಸ್ತೀಯ. ಸುಮ್ಕೆ ಕುಂತ್ಕ."

ಅವನು ಹೇಳಿದ್ದು ನಿಜ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲಷ್ಟೇ ತಿಳಿಯುತ್ತಿತ್ತು, ಎರಡು ನಿಮಿಷದಲ್ಲಿ ಅದೇ ನನ್ನ ಹುಟ್ಟಾ ನಂಬಿಕೆ ಎಂಬಂತೆ ಮಾತಾಡಬೇಕಿತ್ತು. ಎದುರಾಳಿಯ ಮಾತನ್ನೇ ಎತ್ತಿಕೊಂಡು ತಿರುಗಿಸಿ ಹೊಡೆಯುವುದನ್ನು ಅಲ್ಲಿ ಕಲಿತೆ. ಕಲಿತದ್ದನ್ನು ಎಲ್ಲಿ ನಿಲ್ಲಿಸಬೇಕು ಎಂದು ಅಲ್ಲಿ ಯಾರೂ ಕಲಿಸುವುದಿಲ್ಲ. ಸಮಯ ಮುಗಿದಾಗ ಗಂಟೆ ಹೊಡೆಯುತ್ತಾರೆ, ಅಷ್ಟೆ.

ಕಳೆದ ಆಯುಧ ಪೂಜೆಗೆ ಅವನು ಮನೆಗೆ ಕರೆದಿದ್ದ. ಪೂಜೆಯಲ್ಲಿ ನನಗೆ ನಂಬಿಕೆಯಿಲ್ಲ, ಊಟದಲ್ಲಿದೆ, ಹೋದೆ. ಹಿಂದಿನ ದಿನ ಶ್ರೀರಂಗಪಟ್ಟಣದ ರಸ್ತೆಯಲ್ಲಿ ಟ್ರಾಕ್ಟರು, ಲಾರಿ ತೊಳೆಯುವ ಜಾಗದಲ್ಲಿ ನನ್ನ ಸೈಕಲ್ಲನ್ನೂ ತೊಳೆಸಿದ್ದೆ. ತೊಳೆಸಿದ್ದೆ ಎಂದರೆ ತಪ್ಪು. ಅಲ್ಲಿನವನು ಸೈಕಲ್ಲನ್ನು ಅಸಡ್ಡೆಯಿಂದ ತೊಳೆಯುತ್ತಾನೆಂದು ಪೈಪನ್ನು ಕಿತ್ತುಕೊಂಡು ನಾನೇ ಹೊಡೆದೆ. ಹಬ್ಬವೆಂದಲ್ಲ, ತಿಂಗಳಿಗೊಮ್ಮೆಯಾದರೂ ಹಾಗೆ ತೊಳೆಯುತ್ತಿದ್ದೆ. ಕಬ್ಬಿನ ಗದ್ದೆಯ ಮಣ್ಣನ್ನೇ ಕಿತ್ತೊಗೆಯುವ ನೀರಿನ ರಭಸ ಅದು.

ಸಿಂಧಘಟ್ಟದ ಅವರ ಅಂಗಳದಲ್ಲಿ ಟ್ರಾಕ್ಟರು, ಎತ್ತಿನ ಗಾಡಿ, ಹಾಲು ಕರೆಯುವ ಮಿಷನ್ನು, ಕುಡುಗೋಲು, ನಮ್ಮ ಎರಡು ಸೈಕಲ್ಲು, ಎಲ್ಲವೂ ಸಾಲಾಗಿ ನಿಂತಿದ್ದವು. ನಾವಿಬ್ಬರೂ ಒಳಗೆ ಊಟಕ್ಕೆ ಕೂತಿದ್ದಾಗ ಅವನ ಅಪ್ಪ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ್ದಾರೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಬಿದಿರಿನ ಗೊಟ್ಟದಲ್ಲಿ ಇಟ್ಟುಕೊಳ್ಳುವ ಕಪ್ಪು ಎಣ್ಣೆ ಅದು. ಮಿಕ್ಕದ್ದನ್ನು ಮನೆಗೆ ಬಂದವನ ಗಾಡಿಗೂ ಇರಲಿ ಎಂದು, ಎರಡೂ ಸೈಕಲ್ಲಿನ ಫೋರ್ಕಿನ ನುಣುಪು ಕಾಲುಗಳಿಗೆ ಬೆರಳಲ್ಲಿ ಸವರಿಬಿಟ್ಟಿದ್ದರು.

ನಾನು ಕೈ ತೊಳೆದು ಹೊರಗೆ ಬಂದು ನೋಡಿದೆ. "ಇದ್ಯಾರು ಬಳಿದಿದ್ದು?"

"ನಾನೇ ಕಣಪ್ಪ," ಎಂದರು ಅವನ ಅಪ್ಪ. "ಒಣಿಕ್ಕಂಡಂಗಿತ್ತು. ಗಾಡಿ ಅಚ್ಚು ಕೂಗ್ಬಾರ್ದು ಅಂತ ಬಳೀತೀವಲ್ಲ, ಇದ್ಕೂ ಅಂಗೇಯ ಅಂದ್ಕಂಡೆ."

ಜಗಲಿಯ ಮೇಲೆ ಹತ್ತು ಹನ್ನೆರಡು ನೆಂಟರಿದ್ದರು. ಕೇಳುವವರಿದ್ದಾರೆ ಎಂದರೆ ನನ್ನ ಗಂಟಲು ತಾನೇ ಸರಿಯಾಗುತ್ತದೆ. ಮೊದಲನೆಯದಾಗಿ, ಎಂದೆ. ಹರಳೆಣ್ಣೆ ತಾಗಿದರೆ ಒಳಗಿನ ರಬ್ಬರ್ ಸೀಲು ಊದಿಕೊಳ್ಳುತ್ತದೆ. ಎರಡನೆಯದಾಗಿ, ಬೂದಿ ಉಪ್ಪುಕಾಗದದ ಹಾಗೆ ಕಾಲಿನ ನುಣುಪು ಕೋಟಿಂಗನ್ನು ಉಜ್ಜುತ್ತದೆ. ಮೂರನೆಯದಾಗಿ, "ಅಂದ್ಕೊಂಡೆ ಅನ್ನೋದು ಪುರಾವೆ ಅಲ್ಲ. ಗೊತ್ತಿಲ್ಲದ ಮಿಷನ್ನಿಗೆ ಕೈ ಹಾಕೋಕೆ ಮೊದಲು ಗೊತ್ತಿರೋರನ್ನ ಕೇಳಬೇಕು." ಯಾರೋ ಕಿಸಕ್ಕೆಂದರು. ಅದು ನನಗೆ ಚಪ್ಪಾಳೆಯಂತೆ ಕೇಳಿಸಿ ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆ. ಆ ಹಿರಿಯರು ಹೆಗಲ ಮೇಲಿನ ಹೊಸ ಟವೆಲ್ಲಿನಿಂದ ಮೊದಲು ನನ್ನ ಫೋರ್ಕನ್ನು, ಆಮೇಲೆ ಮಗನದನ್ನು ಒರೆಸಿದರು. ಟವೆಲ್ಲು ಕಪ್ಪಾಯಿತು. ಅದನ್ನು ಮಡಿಸಿಕೊಂಡು ಕೊಟ್ಟಿಗೆಯ ಕಡೆ ಹೋದರು.

"ಗೆದ್ದೆ ಕಣ್ಲಾ," ಎಂದ ಗೆಳೆಯ. "ಈಗ ಒರಡು."

ಆ ಮೇಲೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ನನಗೆ ಸುಲಭವಿತ್ತು. ಒಂದು ಭಾನುವಾರ ಹಸು ಕರು ಹಾಕಿತು. ಇನ್ನೊಂದು ಭಾನುವಾರ ನೆಂಟರು ಬಂದರು. ಮೂರನೆಯ ಭಾನುವಾರದಿಂದ ನಾನು ಕಾರಣ ಕೇಳಲಿಲ್ಲ, ಅವನು ಕೊಡಲೂ ಇಲ್ಲ. ಫೋನು ಮಾಡಿದರೆ ಎತ್ತುತ್ತಿದ್ದ. "ಊಂ, ಏಳು" ಅನ್ನುತ್ತಿದ್ದ. ಹೇಳಲು ಹೋಗಿ ಕಾಲೇಜಿನ ರಜೆಯ ಲೆಕ್ಕ ಹೇಳಿ ಇಡುತ್ತಿದ್ದೆ.

ಒಬ್ಬನೇ ನಾಲೆಯ ಏರಿ ಹಿಡಿದು ಹೋಗಿ ಬರುತ್ತಿದ್ದೆ. ಒಮ್ಮೆ ಹೊಣಕೆರೆಯ ಕಡೆಯ ಕಲ್ಲು ದಾರಿಗೂ ಹೋದೆ. ನೀರು ಕುಡಿಯಲು ನಿಲ್ಲಬೇಕೆಂದು ಯಾರೂ ಹೇಳದಿದ್ದರೆ ನಿಲ್ಲುವುದೇ ಮರೆತುಹೋಗುತ್ತದೆ. ಎರಡು ಗಂಟೆಯ ದಾರಿ ಒಂದೂವರೆಗೇ ಮುಗಿದು, ಉಳಿದ ಭಾನುವಾರವೆಲ್ಲ ರೂಮಿನಲ್ಲಿ ಬಿದ್ದಿರುತ್ತಿತ್ತು. ಹೊತ್ತು ಕಳೆಯಲು ಫೋರ್ಕಿನ ಗಾಳಿ ಸರಿಮಾಡಲು ಕೂರುತ್ತಿದ್ದೆ. ಗೋಡೆಗೆ ಮೊಣಕೈ ಊರಿ ಸೀಟಿನ ಮೇಲೆ ಕೂತರೆ ಅರ್ಧ ಭಾರ ಗೋಡೆಗೆ ಹೋಗುತ್ತದೆ. ಇಳಿಯುವಾಗ ಮೈ ಮುಂದಕ್ಕೆ ಬಾಗಿ ಉಂಗುರ ಇನ್ನಷ್ಟು ಸರಿಯುತ್ತದೆ. ಮೂರು ಸಲ ಅಳೆದರೆ ಮೂರು ಲೆಕ್ಕ. ಮನೆಯೊಡತಿ ಬಟ್ಟೆ ಒಣಹಾಕಲು ಬಂದವರು ನೋಡಿ, "ಉಸಾರಿಲ್ವಾ ಸಾರ್? ಗ್ವಾಡೆ ಹಿಡ್ಕಂಡಿದ್ದೀರಿ," ಎಂದರು.

ಕೊನೆಗೆ ಫೋನನ್ನು ಇಟ್ಟಿಗೆಗೆ ಒರಗಿಸಿ ವಿಡಿಯೋ ಮಾಡಿದೆ. ಉಂಗುರ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲೆ ನನ್ನ ಮುಖವೂ ಬಂದಿತ್ತು: ಕೆನ್ನೆ ಉಬ್ಬಿ, ಬಾಯಿ ಬಿಗಿದು, ಯಾರೂ ಹೇಳದೆಯೇ ಉಸಿರು ಹಿಡಿದುಕೊಂಡು ಕೂತಿದ್ದೆ.

ಹೀಗೆ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಫೋರ್ಕು ಬಿಗಿಯಾಗುತ್ತ ಬಂತು. ಸಣ್ಣ ಹಳ್ಳಕ್ಕೆ ಕುಸಿಯುತ್ತಿರಲಿಲ್ಲ, ದೊಡ್ಡದಕ್ಕೆ ಕಿರ್ರೆನ್ನುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಕೀಲೆಣ್ಣೆ ತನ್ನ ಕೆಲಸ ಮಾಡಿತು, ನಾನು ಹೇಳಿದ್ದೇ ಆಯಿತು, ಬಿಚ್ಚಿ ಫೋಟೋ ತೆಗೆದು ಕಳಿಸುತ್ತೇನೆ ಎಂದುಕೊಂಡೆ. ಆ ಭಾನುವಾರ ಬೆಳಿಗ್ಗೆ ಪೇಪರ್ ಹಾಸಿಕೊಂಡು ಕೂತೆ. ಗಾಳಿ ಬಿಟ್ಟೆ. ಫೋರ್ಕಿನ ಎರಡು ಪಾದಗಳ ಬೋಲ್ಟನ್ನು ಸಡಿಲಿಸಿ, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಪಾತ್ರೆ ಹಿಡಿದೆ. ನನ್ನ ಮಾತು ನಿಜವಾದರೆ ಒಳಗಿನ ಹಳೆಯ ಎಣ್ಣೆ ಕಪ್ಪಗೆ ಬರಬೇಕು, ಬೂದಿ ಬೆರೆತು ಬರಬೇಕು. ಬಂದದ್ದು ಬಿಳಿ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ.

ಎಣ್ಣೆ ಹಾಗಾಗುವುದು ಒಳಗೆ ನೀರು ಸೇರಿದಾಗ ಮಾತ್ರ. ಕೆಳಗಿನ ಭಾಗ ಎಳೆದು ತೆಗೆದು, ಸೀಲುಗಳನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಎಣ್ಣೆ ಹೊರಗಿನ ಅಂಚಿನಲ್ಲಿ ಒಂದು ಗೆರೆಯಾಗಿ ಒಣಗಿತ್ತು. ಒಳಗೆ ಒಂದು ಚುಕ್ಕೆಯೂ ಇರಲಿಲ್ಲ. ಸೀಲು ಊದಿರಲಿಲ್ಲ. ಕೋಟಿಂಗಿನ ಮೇಲೆ ಉಗುರು ಎಳೆದು ನೋಡಿದೆ, ಗೀರಿಲ್ಲ. ಸೀಲಿನಡಿಯ ಸ್ಪಂಜಿನ ಬಳೆ ಹಿಂಡಿದರೆ ಮಾತ್ರ ನೀರು.

ಆ ನೀರನ್ನು ನುಗ್ಗಿಸಿದವನು ನಾನು. ಫೋರ್ಕಿನ ಕುತ್ತಿಗೆಗೇ ಪೈಪಿನ ಬಾಯಿ ಹಿಡಿದು, ತಿಂಗಳಿಗೊಮ್ಮೆ. ಹರಳೆಣ್ಣೆಗೆ ರಬ್ಬರ್ ಊದುತ್ತದೆ ಎಂದಿದ್ದೆನಲ್ಲ, ಅದನ್ನು ನಾನು ಎಲ್ಲಿಯೂ ಓದಿರಲಿಲ್ಲ. ಮಾತು ಹರಿಯುತ್ತಿದ್ದಾಗ ಬಾಯಿಗೆ ಬಂದದ್ದು. ಮೊದಲನೆಯದಾಗಿ ಎಂದ ಮೇಲೆ ಮೊದಲನೆಯದೊಂದು ಬೇಕಿತ್ತು.

ಎಲ್ಲವನ್ನೂ ಒರೆಸಿ, ಹೊಸ ಸೀಲು ಕೂರಿಸಿ, ಸ್ಪಂಜನ್ನು ಎಣ್ಣೆಯಲ್ಲಿ ನೆನೆಸಿ, ಪಾದದ ತೂತಿನಿಂದ ಸಿರಿಂಜಿನಲ್ಲಿ ಅಳತೆಯ ಎಣ್ಣೆ ಬಿಟ್ಟು ಬೋಲ್ಟು ಬಿಗಿದೆ. ಹಳೆಯ ಬಿಳಿ ಎಣ್ಣೆಯನ್ನು ಒಂದು ಸಣ್ಣ ಬಾಟಲಿಗೆ ತುಂಬಿಟ್ಟುಕೊಂಡೆ. ಮುಂದಿನ ಭಾನುವಾರ ಮಧ್ಯಾಹ್ನ, ಹೇಳದೆ ಕೇಳದೆ, ಸಿಂಧಘಟ್ಟಕ್ಕೆ ಹೊರಟೆ.

ಅವನ ಅಪ್ಪ ಅಂಗಳದಲ್ಲಿ ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ಗೆಳೆಯ ಕೊಟ್ಟಿಗೆಯಿಂದ ಬಂದು ಮೊದಲು ಬಾಟಲಿ ನೋಡಿದ. "ಏನ್ಲಾ ಅದು, ಆಲಿನ ಸ್ಯಾಂಪಲ್ಲಾ?"

"ಸಾಕ್ಷಿ," ಎಂದೆ. ಶುರುಮಾಡಿದೆ. ಎಣ್ಣೆ ಬಿಳಿಯಾಗಲು ಕಾರಣವೇನು, ನೀರು ಎಲ್ಲಿಂದ ಬಂತು, ಕೀಲೆಣ್ಣೆ ಒಳಗೆ ಹೋಗಿದ್ದರೆ ಯಾವ ಗುರುತು ಇರಬೇಕಿತ್ತು, ಅದು ಏಕೆ ಇಲ್ಲ. ಸೀಲನ್ನೂ ಜೇಬಿನಿಂದ ತೆಗೆದು ತೋರಿಸಿದೆ. ಅವನು ಕೈ ಕಟ್ಟಿಕೊಂಡು ಪೂರ್ತಿ ಕೇಳಿದ.

"ತಪ್ಪಾಯ್ತು ಅನ್ನಕೂ ಮೂರು ಪಾಯಿಂಟಾ ನಿಂಗೆ?"

ನಾನು ನಿಲ್ಲಿಸಿದೆ. "ತಪ್ಪಾಯ್ತು," ಎಂದೆ.

"ನಂಗ್ಯಾಕೇಳ್ತೀಯ? ಅಪ್ಪ ಅಲ್ಲವ್ರೆ ನೋಡು."

ಅವರ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತು ಹೇಳಿದೆ. ಇನ್ನೇನೂ ಸೇರಿಸಲಿಲ್ಲ. ಅವರು ಕಡ್ಡಿ ಕತ್ತರಿಸುವುದನ್ನು ನಿಲ್ಲಿಸದೆ, "ಅಯ್ಯೋ ಬುಡು ಮಗಾ, ಅದೆಲ್ಲ ನಂಗೆ ಗ್ಯಾನವೇ ಇಲ್ಲ," ಎಂದರು. ಇನ್ನೊಂದು ಹಿಡಿ ಕಡ್ಡಿ ಎಳೆದುಕೊಂಡು, "ಅವತ್ತಿಂದ ಸೈಕಲ್ ಮುಟ್ಟಕ್ಕೋಗ್ನಿಲ್ಲ, ಅಷ್ಟೇಯ," ಎಂದರು. ಒಳಕ್ಕೆ ಕೂಗಿ ನನಗೆ ಕಾಫಿ ಹೇಳಿದರು.

ಕಾಫಿ ಕುಡಿಯುತ್ತ ಗೆಳೆಯನನ್ನು ಕೇಳಿದೆ, "ಮುಂದಿನ ಭಾನುವಾರ ಬರ್ತೀಯಾ?"

"ಸೈಕಲ್ ಕೊಟ್ಬುಟ್ಟೆ ಕಣ್ಲಾ. ಪ್ಯಾಟೇಲಿ ಒಬ್ರಿಗೆ. ಸಂಕ್ರಾಂತಿ ಆಗಿ ಎಲ್ಡು ದಿನ ಆಗಿತ್ತು."

"ಹೇಳ್ಲೇ ಇಲ್ಲ?"

"ಏಳಿದ್ರೆ ಕೊಡ್ಬ್ಯಾಡ ಅಂತ ವಾದ ಮಾಡ್ತಿದ್ದೆ. ನೀನೇ ಗೆಲ್ತಿದ್ದೆ."

ಹಳೆಯ ಸೈಕಲ್ಲು ಇನ್ನೊಂದು ಸಿಗುತ್ತದೆ, ನನ್ನದನ್ನೇ ಸರದಿಯಲ್ಲಿ ಓಡಿಸಬಹುದು, ಸೈಕಲ್ಲಿಲ್ಲದಿದ್ದರೆ ನಡೆದಾದರೂ ಹೋಗಬಹುದು. ಇಷ್ಟೂ ನಾಲಿಗೆಯ ತುದಿಯಲ್ಲಿತ್ತು. "ಸರಿ," ಎಂದೆ.

ಸಂಜೆಯ ಹಾಲಿಗೆ ಹೊತ್ತಾಗಿತ್ತು. ಅವನು ಕ್ಯಾನನ್ನು ಎತ್ತಿಕೊಂಡು ನನ್ನ ಜೊತೆಗೆ ಬೀದಿಯವರೆಗೆ ಬಂದ. ಹೋಗುವ ಮುಂಚೆ ಬಿಡುವಿದ್ದ ಕೈಯಿಂದ ಹ್ಯಾಂಡಲನ್ನು ಒಮ್ಮೆ ಒತ್ತಿ ನೋಡಿದ. ಫೋರ್ಕು ಸದ್ದಿಲ್ಲದೆ ಕುಸಿದು ಎದ್ದಿತು.

"ಚೆನ್ನಾಗದೆ. ವಸಿ ಮೆತ್ಗಾಯ್ತು. ಗಾಳಿ ಒಡ್ಕ," ಎಂದು ಡೈರಿಯ ಕಡೆ ನಡೆದ.

ಮೆತ್ತಗಾಗಿರಲಿಲ್ಲ, ವಿಡಿಯೋ ಮಾಡಿ ಅಳೆದಿದ್ದೆ. ಆದರೂ ಬ್ಯಾಗಿನಿಂದ ಪಂಪು ತೆಗೆದು ಅಲ್ಲೇ ಬೀದಿಯಲ್ಲಿ ಕೂತು ಗಾಳಿ ಹಾಕತೊಡಗಿದೆ. ಆರೇಳು ಸಲ ಒತ್ತಿ, ಸಾಕೇ ಎಂದು ಕೇಳಲು ತಲೆಯೆತ್ತಿದೆ. ಬೀದಿಯ ಕೊನೆಯಲ್ಲಿ, ಡೈರಿಯ ಮುಂದಿನ ಸಾಲಿನಲ್ಲಿ ಅವನು ನನಗೆ ಬೆನ್ನು ಮಾಡಿ ನಿಂತು, ಹಿಂದಿನವನ ಯಾವುದೋ ಮಾತಿಗೆ ನಗುತ್ತಿದ್ದ.