ತಮ್ಮನ ಕಿವಿಗೆ ಒಂದು ಟೆಂಪೊ ಪಬ್ಲಿಕ್

ಕಳೆದ ಶನಿವಾರ ಒಂದು ಟೆಂಪೊ ಜನ ನನ್ನ ತಮ್ಮನ ಕಿವಿಯ ಮುಂದೆ ಕ್ಯೂ ನಿಂತಿದ್ದರು. ಬಿರಿಯಾನಿ ಆಸೆ ತೋರಿಸಿ ಅವರನ್ನು ಕರೆಸಿದ್ದು ನಾನು.

ಗಾಬರಿಯಾಗಬೇಡಿ. ತಮ್ಮನ ಸ್ವಂತ ಕಿವಿಗಳು ಕ್ಷೇಮವಾಗಿವೆ. (ಈ ವಾರವೆಲ್ಲ ಅವಕ್ಕೆ ನನ್ನ ಮಾತು ಮಾತ್ರ ಕೇಳಿಸಲಿಲ್ಲ.) ಇದು ಅವನು ಸಿಮೆಂಟಿನಲ್ಲಿ ಮಾಡಿದ ಕಿವಿ. ಆಳೆತ್ತರ ಇದೆ.

ಈ ಅಂಕಣ ಓದುವವರಿಗೆ ನಮ್ಮ ಮನೆಯ ಕಥೆ ಗೊತ್ತು. ಅಪ್ಪ ಹೋದ ಮೇಲೆ ಹಲಸೂರಿನ ಶಾಮಿಯಾನ ಅಂಗಡಿ ನನ್ನ ಕೈಗೆ ಬಂತು. ಹತ್ತನೇ ಕ್ಲಾಸಿನ ಬೆಂಚಿನಿಂದ ಎದ್ದವಳು ನೇರವಾಗಿ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಬಂದು ನಿಂತೆ. ತಮ್ಮ ಮಧು ಓದಿದ. ಓದುತ್ತಲೇ ಇದ್ದಾನೆ. ಡಿಗ್ರಿ ಮುಗಿಯಿತು, ಈಗ ಎಂ.ಎ. ವಿಷಯ: ಪಬ್ಲಿಕ್ ಆರ್ಟ್.

ಹಾಗೆಂದರೇನು? ಜೀವನ್ ಬಿಮಾ ನಗರದ ಚಿಕ್ಕಮ್ಮನೂ ಅದನ್ನೇ ಕೇಳಿದರು.

"ಫ್ಲೈಓವರ್ ಕಂಬಕ್ಕೆ ಹುಲಿ ಚಿತ್ರ ಬರೀತಾರಲ್ಲ, ಅದಾ?"

"ಅದೊಂದೇ ಅಲ್ಲ ಚಿಕ್ಕಮ್ಮ. ಜನ ಓಡಾಡೋ ಜಾಗದಲ್ಲಿ ಏನೋ ಒಂದು ಇಡ್ತೀವಿ. ಜನ ಅದರ ಜೊತೆ ಏನ್ ಮಾಡ್ತಾರೋ, ಅದೂ ಆರ್ಟೇ."

ಚಿಕ್ಕಮ್ಮ ಕಾಫಿ ಮುಗಿಸುವ ತನಕ ಯೋಚಿಸಿದರು. "ಹಂಗಾದ್ರೆ ನಮ್ಮ ರೋಡಿನ ಗುಂಡಿನೂ ಆರ್ಟೇನೋ?"

ಮಧು ಅದನ್ನು ಫೋನಿನಲ್ಲಿ ಬರೆದುಕೊಂಡ. (ಎಂ.ಎ. ಓದುವವರಿಗೆ ಯಾವ ಮಾತೂ ವೇಸ್ಟ್ ಆಗುವುದಿಲ್ಲ.)

ಕಿವಿಯ ಐಡಿಯಾ ಬಂದದ್ದು ನಮ್ಮ ಶಿವನ ಗುಡಿಯಿಂದ. ಅಲ್ಲಿ ಜನ ನಂದಿಯ ಒಂದು ಕಿವಿ ಮುಚ್ಚಿ, ಇನ್ನೊಂದರಲ್ಲಿ ಬೇಡಿಕೆ ಪಿಸುಗುಡುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ನಂದಿಗೆ ಹೇಳಿದರೆ ಶಿವನಿಗೆ ಮುಟ್ಟುತ್ತದೆ.

"ಯಾರಿಗೂ ಮುಟ್ಟದ ಒಂದು ಕಿವಿ ಬೇಕು ಅಕ್ಕಾ. ಏನೂ ಬೇಡ್ಕೊಳ್ಳೋಕಲ್ಲ, ಸುಮ್ನೆ ಹೇಳ್ಕೊಳ್ಳೋಕೆ," ಅಂದ.

ಸರಿ, ನಮ್ಮ ಗೋಡೌನಿನ ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದ. ಕೆಳಗೆ ಒಂದು ಬೋರ್ಡು: "ಇಲ್ಲಿ ಹೇಳಿ." ಜನ ಏನು ಮಾಡಿದರು? ಒಬ್ಬ ಹೆಲ್ಮೆಟ್ ಇಟ್ಟು ಟೀ ಕುಡಿಯಲು ಹೋದ. ಯಾರೋ "ಪಿ.ಜಿ. ಫಾರ್ ಜೆಂಟ್ಸ್" ಚೀಟಿ ಅಂಟಿಸಿದರು. ಕಿವಿಯ ಗುಳಿಯಲ್ಲಿ ಬೀದಿ ಬೆಕ್ಕು ಸಂಸಾರ ಹೂಡಿತು. ಬಾಯಿ ಬಿಟ್ಟವನು ಒಬ್ಬನೇ. ಅವನೂ ಕಿವಿಗೆ ಒರಗಿ ನಿಂತು ಫೋನಿನಲ್ಲಿ, "ಆಗ್ಲೇ ಕೆ.ಆರ್. ಪುರ ಬ್ರಿಡ್ಜ್ ದಾಟ್ಬಿಟ್ಟೆ ಗುರು, ಐದೇ ನಿಮಿಷ!" ಅಂದ. ನಿಂತದ್ದು ಹಲಸೂರಿನಲ್ಲಿ.

ಶನಿವಾರ ಪರೀಕ್ಷೆ ಇತ್ತು. ಪೇಪರು ಪೆನ್ನಿನದಲ್ಲ. ಮಧುವಿನ ಮೇಷ್ಟ್ರ ಜೊತೆ ಹೊರಗಿನ ಎಕ್ಸಾಮಿನರ್ ಮೇಡಂ ಒಬ್ಬರು ಬಂದು, ಕಿವಿಯ ಜೊತೆ ಪಬ್ಲಿಕ್ ಏನು ಮಾಡುತ್ತದೆ ಎಂದು ನಿಂತು ನೋಡುತ್ತಾರೆ.

"ಪಬ್ಲಿಕ್ ಬರ್ಲಿಲ್ಲ ಅಂದ್ರೆ?"

"ಫೇಲು. ಎರಡು ವರ್ಷ ನೀರಲ್ಲಿ ಹೋಮ," ಅಂದ. ತಟ್ಟೆಯಲ್ಲಿ ಅರ್ಧ ದೋಸೆ ಉಳಿದಿತ್ತು. ಮಧು ದೋಸೆ ಬಿಟ್ಟದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. "ಆದ್ರೆ ನೀನು ಏನೂ ಮಾಡ್ಬೇಡ ಅಕ್ಕಾ. ಯಾರಿಗೂ ಹೇಳ್ಬೇಡ. ಅವ್ರು ತಾವಾಗೇ ಬರ್ಬೇಕು."

ತಾವಾಗೇ? ನಾನು ಸಭೆಗಳಿಗೆ ಶಾಮಿಯಾನ ಹಾಕುವವಳು. ಈ ಊರಿನಲ್ಲಿ ಯಾವ ಪಬ್ಲಿಕ್ ತಾನಾಗಿ ಬಂದಿದೆ, ನೀವೇ ಹೇಳಿ?

ಕಗ್ಗದಾಸಪುರದ ಬಾಬಣ್ಣನಿಗೆ ಫೋನು ಮಾಡಿದೆ. ನಾನು ಕುರ್ಚಿ ಕಳಿಸುವ ಸಭೆಗಳಿಗೆ, ಅದರಲ್ಲಿ ಕೂರುವ ಜನರನ್ನು ಕಳಿಸುವವನು ಅವನು.

"ಒಂದು ಟೆಂಪೊ ಸಾಕಾಕ್ಕಾ? ಯಾವ ಪಾರ್ಟಿ?"

"ಪಾರ್ಟಿ ಇಲ್ಲ ಬಾಬಣ್ಣ."

"ಪಾರ್ಟಿ ಇಲ್ದೆ ಜೈ ಯಾರಿಗೆ ಅನ್ನೋದು?"

"ಜೈ ಬೇಡ. ಬಂದು ಒಂದು ಕಿವೀಲಿ ಮಾತಾಡಿ ಹೋಗ್ಲಿ."

"ಮನೇಲಿ ಎಲ್ರೂ ಚೆನ್ನಾಗಿದೀರಾ ಅಕ್ಕಾ?" ಅಂದ ಬಾಬಣ್ಣ.

ಶನಿವಾರ ಬೆಳಿಗ್ಗೆ ಗೋಡೌನಿನಲ್ಲಿ ಕುರ್ಚಿಗಳ ಅಟ್ಟಿಯ ಹಿಂದೆ ಅಡಗಿ ನಿಂತೆ. ಮೇಷ್ಟ್ರು ಬಂದರು, ಮೇಡಂ ಬಂದರು. ಬೀದಿ ಖಾಲಿ. ಮಧು ಉಗುರು ಕಚ್ಚುತ್ತಿದ್ದ. ಆಗ ಟೆಂಪೊ ಬಂತು. ನನ್ನ ಎದೆ ಉಬ್ಬಿತು.

ಇಳಿದವರು ಸೀದಾ ಮೇಡಂ ಕೊರಳಿಗೆ ಹಾರ ಹಾಕಿದರು. (ಹಾರ ನಾನು ಹೇಳಿರಲಿಲ್ಲ. ಪ್ಯಾಕೇಜಿನಲ್ಲೇ ಇತ್ತಂತೆ.) ಮೊದಲನೆಯವನು ಕಿವಿಯನ್ನು ಬೆರಳಲ್ಲಿ ಕುಟ್ಟಿ, "ಹಲೋ, ಮೈಕ್ ಟೆಸ್ಟಿಂಗ್," ಅಂದ. ಎರಡನೆಯವನು ಅಭ್ಯಾಸಬಲದಿಂದ "ನಮ್ಮ ನಾಯಕರಿಗೆ" ಅಂದ. ಹಿಂದಿದ್ದವರೆಲ್ಲ "ಜೈ!" ಅಂದರು. ಒಳಗಿದ್ದ ಬೆಕ್ಕು ಹಾರಿ ಓಡಿತು.

ಮೇಡಂ ಕ್ಯೂನಲ್ಲಿದ್ದ ಒಬ್ಬ ಹೆಂಗಸನ್ನು ಕೇಳಿದರು. ಅವಳ ಹೆಸರು ಸೆಲ್ವಿ.

"ನೀವು ಇಲ್ಲಿಗೆ ಯಾಕೆ ಬಂದ್ರಮ್ಮ?"

"ಬಾಬಣ್ಣ ಬಾ ಅಂದ್ರು, ಬಂದ್ವಿ."

"ಇದು ಏನು ಅಂತ ಗೊತ್ತಾ?"

"ಕಿವಿ ಮೇಡಂ." (ತಪ್ಪೇನಿದೆ?) "ಇದಾದ್ಮೇಲೆ ಬಿರಿಯಾನಿ."

ಮಧು ಮೆಲ್ಲಗೆ ಗೋಡೌನಿನ ಕಡೆ ತಿರುಗಿದ. ನಾನು ಕುಕ್ಕರಿಸಿದೆ. ಕುರ್ಚಿಗಳ ಅಟ್ಟಿ ದಡಬಡ ಬಿತ್ತು.

"ಇವ್ರನ್ನ ಕರೆಸಿದ್ದು ನನ್ನಕ್ಕ ಸರ್," ಅಂದ ಅವನು. "ನಂಗೆ ಗೊತ್ತಿರ್ಲಿಲ್ಲ. ಆದ್ರೂ ಇವತ್ತು ಬಂದಿರೋದು ಪಬ್ಲಿಕ್ ಅಲ್ಲ."

ಮೇಡಂ ಹಾರ ತೆಗೆದರು. ಮೇಷ್ಟ್ರು ಕಾರಿನ ಕೀ ತೆಗೆದರು. ಅಷ್ಟರಲ್ಲಿ ಸೆಲ್ವಿಯ ಸರದಿ ಬಂತು.

"ತಂಬಿ, ಇದರೊಳಗೆ ಯಾರಾದ್ರೂ ಕೂತಿದಾರಾ?"

"ಇಲ್ಲಮ್ಮ."

"ರೆಕಾರ್ಡಿಂಗು?"

"ಅದೂ ಇಲ್ಲ."

"ಮಧ್ಯದಲ್ಲಿ ಬಾಯಿ ಹಾಕಲ್ವಾ?"

ಮಧುವಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಕಿವಿಗೆ ಎಲ್ಲಿಂದ ಬಾಯಿ ಬರುತ್ತಮ್ಮ?"

ಸೆಲ್ವಿ ತಲೆಗೆ ಸೆರಗು ಎಳೆದುಕೊಂಡು, ಕಿವಿಯೊಳಗೆ ಮುಖವಿಟ್ಟು ಶುರು ಮಾಡಿದಳು. ನಿಲ್ಲಿಸಲಿಲ್ಲ. ನಡುವೆ ಒಮ್ಮೆ ನಕ್ಕಳು. ಒಮ್ಮೆ ಕಿವಿಗೆ ಪಟ್ಟಂತ ಏಟು ಕೊಟ್ಟಳು. ಹಿಂದಿದ್ದವಳು, "ಬೇಗ ಮುಗ್ಸೇ, ನಂದೂ ಇದೆ," ಅಂದಳು.

"ಇರೇ, ಇನ್ನೂ ಅತ್ತೆ ವಿಷ್ಯಕ್ಕೇ ಬಂದಿಲ್ಲ!"

ಆಮೇಲೆ ಯಾರೂ ಜೈ ಅನ್ನಲಿಲ್ಲ. ಒಬ್ಬೊಬ್ಬರೂ ಹೋದರು, ಹೇಳಿದರು, ಕಣ್ಣೊರೆಸಿಕೊಂಡೋ ಮುಸಿಮುಸಿ ನಗುತ್ತಲೋ ಈಚೆ ಬಂದರು. ಮೈಕ್ ಟೆಸ್ಟಿಂಗ್ ಮಾಡಿದವನು ಮತ್ತೆ ಕೊನೆಗೆ ಹೋಗಿ ನಿಂತ. ಬಾಬಣ್ಣ ಟೆಂಪೊ ಹಾರ್ನ್ ಹೊಡೆದೇ ಹೊಡೆದ. ಕೆ.ಆರ್. ಪುರದಲ್ಲಿ ಇನ್ನೊಂದು ಸಭೆ ಇತ್ತು.

"ಟೆಂಪೊ ಹತ್ತ್ರಮ್ಮ! ಅಲ್ಲಿ ಲೀಡರ್ ಬಂದ್ಬಿಟ್ಟಿದಾರೆ, ಪಬ್ಲಿಕ್ಕೇ ಇಲ್ಲ!"

"ದಿನಾ ಅವ್ರು ಹೇಳಿದ್ದು ನಾವು ಕೇಳ್ತೀವಲ್ಲ ಬಾಬಣ್ಣ," ಅಂದಳು ಸೆಲ್ವಿ. "ಒಂದಿನ ಕಾಯ್ಲಿ ಬಿಡು."

ಬಿರಿಯಾನಿ ಆರಿತು. ಲೀಡರ್ ಏನಾದರೋ ಗೊತ್ತಿಲ್ಲ.

ಮೇಷ್ಟ್ರು ಕೀ ಜೇಬಿಗೆ ಹಾಕಿಕೊಂಡಿದ್ದರು. ಆದರೂ ಮೇಡಂ ಕರಗಲಿಲ್ಲ. "ಇವತ್ತಿಂದು ಲೆಕ್ಕಕ್ಕಿಲ್ಲ. ಮುಂದಿನ ವಾರ ಯಾವತ್ತಾದ್ರೂ ಹೇಳ್ದೆ ಬರ್ತೀನಿ. ನಿಮ್ಮಕ್ಕ ಫೋನ್ ಮುಟ್ಬಾರ್ದು," ಅಂದು ಹೊರಟರು.

ಮನೆಗೆ ಬಂದ ಮೇಲೆ ಮಧು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ನ ಕೆಲ್ಸಕ್ಕೆ ಯಾರೂ ಬರಲ್ಲ ಅಂತ ನೀನೇ ಅಂದ್ಕೊಂಡೆ ಅಲ್ವಾ?" ಅಂದ.

ಹೌದು, ಅಂದುಕೊಂಡಿದ್ದೆ. ಫೀಸು ಕಟ್ಟಿದೆ, ಸಿಮೆಂಟು ತರಿಸಿದೆ, ನೆಂಟರ ಮುಂದೆ ಬಡಾಯಿ ಕೊಚ್ಚಿಕೊಂಡೆ. ನಂಬುವುದೊಂದನ್ನು ಮಾಡಿರಲಿಲ್ಲ. ತಮ್ಮನನ್ನು ಓದಿಸಿದ ಅಕ್ಕ ಅಂತ ಬೀಗುವವಳು, ಅವನು ಓದಿದ್ದರಲ್ಲಿ ಏನಾದರೂ ಇದ್ದೀತು ಅಂತ ಒಂದು ದಿನವಾದರೂ ಯೋಚಿಸಿದ್ದೆನೆ?

ಆಮೇಲೆ ಇಡೀ ವಾರ ಅವನು ನನ್ನೊಡನೆ ಮಾತಾಡಿದ್ದು ಅಮ್ಮನ ಮೂಲಕ. "ಅಮ್ಮಾ, ಚಟ್ನಿ ಈ ಕಡೆ ತಳ್ಳೋಕೆ ಹೇಳು." ಚಟ್ನಿ ನನ್ನ ಮೊಣಕೈ ಹತ್ತಿರವೇ ಇರುತ್ತಿತ್ತು.

ನಿನ್ನೆ ತಡೆಯಲಾಗಲಿಲ್ಲ. ಅವನ ಸ್ವಂತ ಕಿವಿಗೆ ಹೇಳಲು ಆಗದ್ದನ್ನು ಸಿಮೆಂಟಿನ ಕಿವಿಗಾದರೂ ಹೇಳೋಣ ಎಂದು ಗೋಡೌನಿಗೆ ಹೋದೆ. ನೋಡಿದರೆ ಕ್ಯೂ! ಮುಂದೆ ಸೆಲ್ವಿ, ಅವಳ ಹಿಂದೆ ಒಬ್ಬಳು ಮುದುಕಿ. (ಅದೇ ಅತ್ತೆಯಂತೆ. ಸೊಸೆಯದು ಮುಗಿದ ಮೇಲೆ ಅತ್ತೆಯ ಪಾಳಿ.) ಆಮೇಲೆ ಆ ಹೆಲ್ಮೆಟ್ಟಿನವನು. ಬಾಬಣ್ಣನ ಟೆಂಪೊ ಎಲ್ಲೂ ಇರಲಿಲ್ಲ.

ಗೋಡೌನು ನಮ್ಮದೇ ತಾನೇ ಎಂದು ಮುಂದೆ ನುಗ್ಗಿದೆ.

"ಕ್ಯೂನಲ್ಲಿ ಬಾ ಅಕ್ಕಾ," ಅಂದಳು ಸೆಲ್ವಿ.

ಹಿಂದೆ ಹೋಗಿ ನಿಂತೆ. ನನ್ನ ಬೆನ್ನಿಗೆ ಇನ್ನೊಬ್ಬರು ಬಂದು ನಿಂತರು. ತಿರುಗಿ ನೋಡಿದರೆ ಎಕ್ಸಾಮಿನರ್ ಮೇಡಂ! ಕೈಯಲ್ಲಿ ಪೆನ್ನಿಲ್ಲ, ಪೇಪರಿಲ್ಲ. "ನಾನೂ ಸ್ವಲ್ಪ ಹೇಳೋದಿದೆ," ಅಂದರು, ತಗ್ಗಿದ ದನಿಯಲ್ಲಿ.

ಎದುರಿನ ಟೀ ಅಂಗಡಿಯಿಂದ ಎಲ್ಲ ನೋಡುತ್ತಿದ್ದ ಮಧು ರಸ್ತೆ ದಾಟಿ ಬಂದ. ವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದ:

"ನಿನ್ನನ್ನ ಯಾರು ಕಳಿಸಿದ್ದು?"