ಕೋಟೆ ಮಣ್ಣು ಕೆರೆದ ಯಂಕವ್ವ

ಹುಬ್ಬಳ್ಳಿ, ಜೂನ್ ೧೯೩೪

ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಹಳೇ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯಲ್ಲಿ ಹತ್ತಿ ವ್ಯಾಪಾರಿ ಶಾಂತಯ್ಯನವರ ಮನೆಗೆ ನಿಚ್ಚಣಿಕೆ ಹಚ್ಚಿ ಯಂಕವ್ವ ಕೆಳಗೇ ನಿಂತಿದ್ದಾಳೆ. ಕೈಯಲ್ಲಿ ಸಲಿಕೆ, ಕಣ್ಣು ಪಡುವಣದ ಮೋಡದ ಮೇಲೆ. ಒಳಕೋಣೆಯ ತೊಲೆ ಬಾಗಿದೆ. ಅದರ ಕೆಳಗೆ ಶಾಂತಯ್ಯನವರ ಮಗಳು ಶಿವಬಸವ್ವ, ಹಸಿ ಬಾಣಂತಿ, ಕೂಸಿನೊಂದಿಗೆ ಮಲಗಿದ್ದಾಳೆ.

"ಮೊದ್ಲ ಅವರನ್ನ ಹೊರಗ ಕರೀರಿ ಅವ್ವಾರ. ನಾ ಮ್ಯಾಲೆ ಕಾಲಿಟ್ರ ತೊಲಿ ತಡಿತೈತೋ ಇಲ್ಲೋ."

ಶಾಂತಯ್ಯನವರ ತಾಯಿ ಮುರಿಗೆವ್ವ ಬಾಗಿಲು ಬಿಡುವುದಿಲ್ಲ. "ತೊಟ್ಟಲಕ್ಕ ಹಾಕೂ ತನಕ ಬಾಣಂತಿ ಆ ಖೋಲಿ ಬಿಡಂಗಿಲ್ಲ. ಗಾಳಿ ಹತ್ತಿದ್ರ ನೀ ಬರ್ತೀ ಏನು ನೋಡಾಕ?"

ಯಂಕವ್ವನ ಕಸುಬಿನ ಬಗ್ಗೆ ಬರೆಯಲೆಂದು ಧಾರವಾಡದಿಂದ ಬಂದ ನನಗೆ ಇಬ್ಬರ ಮಾತೂ ಖರೇ ಅನ್ನಿಸುತ್ತದೆ.

ಮಳೆಗಾಲಕ್ಕೆ ಮುಂಚೆ ಮಣ್ಣಿನ ಚಾವಣಿಯ ಮಾಳಿಗೆಗಳಿಗೆ ನೀರು ಇಳಿಯಗೊಡದ ಸವಳು ಮಣ್ಣು ಹಾಕಿ ಬಡಿದು ಗಟ್ಟಿ ಮಾಡುವುದು ಯಂಕವ್ವನ ಕಸುಬು, ಅತ್ತೆಯಿಂದ ಕಲಿತದ್ದು. ಹಳೆಯ ಪದರ ಕೆರೆದು ಹೊಸದು ಹಾಕಬೇಕು, ಇಲ್ಲವಾದರೆ ಭಾರ ಏರುತ್ತದೆ. ಈ ಓಣಿಯವರು ಮಾತ್ರ ಹಳೆಯದಕ್ಕೆ ಕೈ ಹಚ್ಚಗೊಡುವುದಿಲ್ಲ. ಕಂಪನಿ ಸರಕಾರ ಬಂದ ಹೊಸದರಲ್ಲಿ ಇಲ್ಲಿಯ ಕೋಟೆಗೋಡೆ ಕೆಡವಿ, ಕಂದಕ ಮುಚ್ಚಿ, ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟಿತಂತೆ. ಕೋಟೆ ಹೋದರೂ ಅದರ ಮಣ್ಣು ನಮ್ಮ ತಲೆಯ ಮೇಲಿರಲಿ ಎಂದು ಹಿರಿಯರು ಬುಟ್ಟಿಯಲ್ಲಿ ಹೊತ್ತು ತಂದು ಮಾಳಿಗೆಗೆ ಹಾಕಿದರಂತೆ. ಅಂದಿನಿಂದ ವರ್ಷವರ್ಷವೂ ಅದರ ಮೇಲೆ ಹೊಸ ಪದರ. ಅಭಿಮಾನವೇನೋ ದೊಡ್ಡದು, ತೊಲೆಗೆ ಅದೆಲ್ಲಿ ತಿಳಿಯಬೇಕು? ಅದು ಬಾಗಿದ ಮೇಲೆ ಶಾಂತಯ್ಯನವರೇ ಕೆರೆಯಲು ಯಂಕವ್ವನಿಗೆ ಹೇಳಿ ಕಳಿಸಿದ್ದಾರೆ.

"ಬ್ಯಾಸಗ್ಯಾಗ ದಿನಕ್ಕೊಂದು ಮಾಳಗಿ ಸಿಗತೈತ್ರಿ," ಎನ್ನುತ್ತಾಳೆ ಯಂಕವ್ವ. "ಮಳಿಗಾಲದಾಗ ಕೆಲಸಾನೂ ಇಲ್ಲ, ನಿದ್ದೀನೂ ಇಲ್ಲ. ಎಲ್ಲೆರ ಧಪ್ ಅಂದ್ರ ಯಾರ ಮನೀನೋ ಅಂತ ಎದ್ದ ಕೂಡತೇನಿ."

ಗುಡುಗು ಕೇಳುತ್ತದೆ. ಯಂಕವ್ವ ಸಲಿಕೆ ಬಿಸಾಕಿ, ಮುರಿಗೆವ್ವನ ಪಕ್ಕದಿಂದ ನುಸುಳಿ, ಬಾಗಿದ ತೊಲೆಯ ನೇರ ಕೆಳಗೆ ಹೋಗಿ ಕೂತುಬಿಡುತ್ತಾಳೆ. "ಹಂಗಾರ ನಾನೂ ಇಲ್ಲೇ ಇರತೇನ್ರಿ." ಜಂತಿಯ ಸಂದಿಯಿಂದ ಚಿಟಿಕೆ ಮಣ್ಣು ಉದುರಿ ಕೂಸಿನ ದುಪ್ಪಟಿಯ ಮೇಲೆ ಬೀಳುತ್ತದೆ. ಮುರಿಗೆವ್ವ ಅದನ್ನೇ ನೋಡುತ್ತಾರೆ. ಕೂಸನ್ನು ಎತ್ತಿಕೊಳ್ಳುತ್ತಾರೆ. ಬಾಣಂತಿಗೆ ಕಂಬಳಿ ಹೊದಿಸಿ ಪಡಸಾಲೆಗೆ ಕರೆತಂದು, ಸೀರೆ ಕಟ್ಟಿ ಮರೆ ಮಾಡುತ್ತಾರೆ.

ಈಗ ಯಂಕವ್ವ ಮೇಲೇರುತ್ತಾಳೆ. ಗೋಡೆಯಿಂದ ಗೋಡೆಗೆ ಹಲಗೆ ಹಾಸಿ, ಅದರ ಮೇಲೆ ಕೂತು, ಸ್ವಲ್ಪಸ್ವಲ್ಪವೇ ಕೆರೆಯುತ್ತಾಳೆ. ಸಲಿಕೆಯ ಒಂದೊಂದು ಸಪ್ಪಳಕ್ಕೂ ನಾನು ಒಳಗೆ ಇಣುಕಿ ತೊಲೆ ನೋಡುತ್ತೇನೆ. ಹಳೆಯದೆಲ್ಲ ಓಣಿಗೆ ಬಿದ್ದು, ತೆಳ್ಳಗೆ ಹೊಸ ಮಣ್ಣು ಹಾಕಿ ಬಡಿಯುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಹಿರಿಯರ ಕೋಟೆ ಮಣ್ಣು ಕೆಂಪಗೆ ಗಟಾರದಲ್ಲಿ ಹರಿದು ಹೋಗುತ್ತದೆ. ಕೋಣೆ ಎರಡು ಕಡೆ ಸೋರುತ್ತಿದೆ, ತೊಲೆ ನಿಂತಿದೆ.

"ನೋಡು, ತೊಲಿ ಬಿತ್ತೇನು?" ಮುರಿಗೆವ್ವ ಸಿಟ್ಟಿನಿಂದ ಕೇಳುತ್ತಾರೆ. "ಇದ್ದ ಮಣ್ಣೂ ಹೊಳಿಪಾಲು ಮಾಡಿದಿ."

ಯಂಕವ್ವ ಗೋಣಿಚೀಲ ತಲೆಗೆ ಹಾಕಿಕೊಂಡು ಓಣಿಗೆ ಇಳಿಯುತ್ತಾಳೆ. ಹಿಂದೆ ಹೋದ ನಾನು, ಕೆರೆಯದಿದ್ದರೆ ತೊಲೆ ನಿಜವಾಗಿ ಬೀಳುತ್ತಿತ್ತೇ ಎಂದು ಕೇಳುತ್ತೇನೆ.

"ನನಗೂ ಗೊತ್ತಿಲ್ರಿ. ಬೈಲಿ ಬಿಡ್ರಿ. ಬೈಯಾಕ ಮನ್ಯಾಗ ಎಲ್ಲಾರೂ ಜೀವಂತ ಅದಾರಲ್ಲ."