ಕೌದಿಯ ಕೊನೆಯ ಮೂಲೆ

ದಾವಣಗೆರೆ, ಹರಿಹರಗಳ ಶಿಕ್ಷಣ ವಲಯದಲ್ಲಿ ಶ್ರೀಮತಿ ಅಕ್ಕನಾಗಮ್ಮನವರನ್ನು ಅರಿಯದವರು ವಿರಳ. ಆದರೆ ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕಿಂತ ಆ ಮಕ್ಕಳ ಅಜ್ಜಿಯರಿಗೊಂದು ಠಾವು ಮಾಡಿಕೊಟ್ಟದ್ದಕ್ಕೇ ಅವರನ್ನು ನೆನೆಯುವವರು ಹೆಚ್ಚು. ಹೀಗೆಂದರೆ, ಈ ಏಪ್ರಿಲ್‌ನಲ್ಲಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿಯವರು ಮುನಿಸಿಕೊಳ್ಳಲಾರರು.

ದಾವಣಗೆರೆಯ ಮಿಲ್ಲಿನ ಕಡೆಯ ಶಾಲೆಯೊಂದರಲ್ಲಿ ಸೇವೆ ಸಲ್ಲಿಸಿ, ೧೯೫೮ರಲ್ಲಿ ಅವರು ಹರಿಹರಕ್ಕೆ ವರ್ಗವಾಗಿ ಬಂದರು. ಮೊಮ್ಮಕ್ಕಳನ್ನು ಶಾಲೆಗೆ ಬಿಡಲು ಬಂದ ಅಜ್ಜಿಯರು ಮನೆಗೆ ಹೋಗದೆ ಕಾಂಪೌಂಡಿನ ಬಳಿಯೇ ಕೂತಿರುವುದು ಮೊದಲ ವಾರದಲ್ಲೇ ಅವರ ಕಣ್ಣಿಗೆ ಬಿತ್ತು. ಮನೆಯಲ್ಲಿ ಅವರಿಗೆ ಊಟಕ್ಕಾಗಲಿ ಮರ್ಯಾದೆಗಾಗಲಿ ಕೊರತೆಯಿರಲಿಲ್ಲ. ಒಂದು ಕಡ್ಡಿಯನ್ನೂ ಎತ್ತಿಡಲು ಸೊಸೆಯರು ಬಿಡುತ್ತಿರಲಿಲ್ಲ, ಅಷ್ಟೆ.

"ಸುಮ್ನೆ ಕೂಡ್ರಿ, ಸುಮ್ನೆ ಕೂಡ್ರಿ ಅಂತಾರ ಅಕ್ಕೋರೆ," ಎಂದರು ಅವರಲ್ಲೆಲ್ಲ ಹಿರಿಯರಾದ ಉಚ್ಚೆಂಗೆಮ್ಮ. "ಕೂತು ಕೂತು ನೆಲಕ್ಕೂ ನನ್ನ ಕಂಡ್ರೆ ಬ್ಯಾಸರ ಬಂದೈತೆ."

ಅಲ್ಲಿಂದ ಶನಿವಾರದ ಮಧ್ಯಾಹ್ನಗಳಲ್ಲಿ ಶಾಲೆಯ ಪಡಸಾಲೆ ಅಜ್ಜಿಯರದಾಯಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿಗೊಬ್ಬರಂತೆ ಕೂತು ಅವರು ಕೌದಿ ಹೊಲಿಯುತ್ತಿದ್ದರು. ಹೊಲಿದದ್ದು ದಿಕ್ಕಿಲ್ಲದೆ ಛತ್ರದಲ್ಲಿ ದಿನ ದೂಡುವ ವೃದ್ಧರಿಗೆ ಹೋಗುತ್ತಿತ್ತು. ಫಕ್ರುನ್ನೀಸಾ ಎಂಬ ಅಜ್ಜಿಗೆ ಕಣ್ಣಿನ ಪೊರೆ. ಆಕೆ ಬರುವ ಮೊದಲೇ ಅಕ್ಕನಾಗಮ್ಮನವರು ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟಿರುತ್ತಿದ್ದರು, ಆ ವಿಷಯ ಬಾಯಿಬಿಟ್ಟು ಆಡಿದವರಲ್ಲ. ಮುಂದೆ ದಾವಣಗೆರೆಯ ಆಸ್ಪತ್ರೆಗೆ ತಾವೇ ಬಸ್ಸಿನಲ್ಲಿ ಕರೆದೊಯ್ದು, ಪೊರೆ ತೆಗೆಸಿ, ಪಟ್ಟಿ ಬಿಚ್ಚುವವರೆಗೆ ಮಂಚದ ಪಕ್ಕದಲ್ಲೇ ಇದ್ದರು.

ಇಂಥವರೂ ಒಮ್ಮೆ ಎಡವಿದರು. ಆ ವರ್ಷ ಚಳಿ ಬೇಗ ಬಂದಿತ್ತು. ಅಜ್ಜಿಯರ ಬೆರಳಿಗೆ ಯಾಕೆ ಇನ್ನಷ್ಟು ತ್ರಾಸು ಎಂದು, ಮುಗಿಯುತ್ತ ಬಂದಿದ್ದ ಕೌದಿಯನ್ನು ದರ್ಜಿ ಜಮಾಲ್ ಸಾಬರ ಮಿಷಿನ್ನಿಗೆ ಕೊಟ್ಟು ನಾಲ್ಕೂ ಅಂಚು ಹೊಲಿಸಿಬಿಟ್ಟರು. ಅಜ್ಜಿಯರ ಪದ್ಧತಿಯೇ ಬೇರೆ. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯನ್ನು ತೆರೆದಿಟ್ಟು, ಹಿರಿಯಳು ಅದರೊಳಗೊಂದು ಚೂರು ರೊಟ್ಟಿ ಇಟ್ಟು ತನ್ನ ಕೈಯಾರೆ ಹೊಲಿದು ಮುಚ್ಚಬೇಕು. ಉಚ್ಚೆಂಗೆಮ್ಮ ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಮುಗಿಸೀರಿ ಬಿಡ್ರಿ. ಇನ್ನ ನಂದೇನು ಕೆಲಸ ಐತೆ ಇಲ್ಲಿ?"

ಮುಂದಿನ ಶನಿವಾರ ಅವರು ಬರಲಿಲ್ಲ, ಉಳಿದವರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಪಡಸಾಲೆ ಬಿಕೋ ಎಂದಿತು. ಸುಮ್ಮನೆ ಕೂರಿಸಬಾರದೆಂದು ಕರೆತಂದವರನ್ನು ನಾನೇ ಸುಮ್ಮನೆ ಕೂರಿಸಿದೆನಲ್ಲ ಎಂದು ಅಕ್ಕನಾಗಮ್ಮನವರಿಗೆ ಅನ್ನ ಸೇರಲಿಲ್ಲ. ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಉಚ್ಚೆಂಗೆಮ್ಮನವರ ಮನೆಗೇ ಹೋಗಿ, ಅವರೆದುರು ಕೂತು ಮಿಷಿನ್ ಹೊಲಿಗೆಯನ್ನು ಬಿಚ್ಚತೊಡಗಿದರು.

"ತಪ್ಪಾತು ಅಜ್ಜಿ. ಒಂದು ಚೂರು ರೊಟ್ಟಿ ಕೊಡ್ರಿ."

ಅಜ್ಜಿ ದಾರ ಎಳೆಯುವ ಆ ಕೈಗಳನ್ನೇ ನೋಡಿದರು. ಕಡೆಗೆ, "ಬಿಚ್ಚಾಕೂ ನೆಟ್ಟಗ ಬರಲ್ಲ ನಿಮಗ. ತರ್ರಿ ಇತ್ಲಾಗ," ಎಂದು ಕೌದಿಯನ್ನು ಎಳೆದುಕೊಂಡರು.

ಮೊನ್ನೆ ಬೀಳ್ಕೊಡುಗೆ ಸಭೆ ಸಾಂಗವಾಗಿ ನಡೆಯಿತು. ಪಡಸಾಲೆಯ ಬೀಗದ ಕೈಯನ್ನು ಕಿರಿಯ ಉಪಾಧ್ಯಾಯಿನಿ ಸಿದ್ದೀಕಾ ಅವರಿಗೆ ಒಪ್ಪಿಸಲಾಯಿತು. ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದವರೆಲ್ಲ ಒಂದೇ ಬಾಯಲ್ಲಿ, ಇನ್ನಾದರೂ ವಿಶ್ರಾಂತಿ ಪಡೆಯಿರಿ, ಶನಿವಾರಗಳ ತೊಂದರೆಯೂ ಬೇಡ ಎಂದರು. ಪ್ರತಿ ಮಾತಿಗೂ ಅಕ್ಕನಾಗಮ್ಮನವರ ಮುಖ ಇಳಿಯುತ್ತಾ ಬಂತು. ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು, ನಾಳೆಯಿಂದ ತಮಗೂ ಕಾಂಪೌಂಡಿನ ಗೋಡೆಯೇ ಗತಿಯೇನೋ ಎಂಬಂತೆ ಕೂತಿದ್ದರು.

ಆಗ ಉಚ್ಚೆಂಗೆಮ್ಮನವರು ಫಕ್ರುನ್ನೀಸಾರ ಹೆಗಲು ಹಿಡಿದು ವೇದಿಕೆ ಹತ್ತಿದರು. ಅಕ್ಕನಾಗಮ್ಮನವರ ಶಾಲಿನ ಮೇಲೆಯೇ ಒಂದು ಕೌದಿ ಹರವಿ, ಅವರ ಅಂಗೈಗೆ ರೊಟ್ಟಿಯ ಚೂರನ್ನಿಟ್ಟರು.

"ಎಲ್ರೂ ಸುಮ್ನೆ ಕೂಡ್ರಿ ಅಂದ್ರು. ನಾವು ಅನ್ನಲ್ಲ. ನಿಮಗಂತ ಮೂಲಿ ಬಿಟ್ಟೀವಿ, ಹೊಲೀರಿ."

ಅಧ್ಯಕ್ಷರ ಭಾಷಣ ಕಾದು ನಿಂತಿತು. ಅಕ್ಕನಾಗಮ್ಮನವರು ಕಣ್ಣೊರೆಸಿಕೊಂಡು ಸೂಜಿಗೆ ಕೈಚಾಚಿದರು. ದಾರ ಪೋಣಿಸಿ ಕೊಟ್ಟವರು ಫಕ್ರುನ್ನೀಸಾ. ಅಕ್ಕನಾಗಮ್ಮನವರಿಗೆ ದೀರ್ಘಾಯುಷ್ಯ, ಆರೋಗ್ಯಗಳನ್ನು ನಾವು ಹಾರೈಸುತ್ತೇವೆ. ಕೆಲಸವನ್ನಂತೂ ಉಚ್ಚೆಂಗೆಮ್ಮನವರು ಆಗಲೇ ಕೊಟ್ಟಾಗಿದೆ.